ಅಗಲ ಪಾದಕ್ಕೆ ಶಿಕಾರಿ ಬೂಟು: ಮೂರು ಜೊತೆ ದಂಡ ಮಾಡಿದ ಮೇಲೆ

ನನ್ನದು ಬಾತುಕೋಳಿ ಪಾದ. ಇದು ನಾನು ಹೇಳಿದ್ದಲ್ಲ, ಅಣ್ಣ ಚಿಕ್ಕಂದಿನಿಂದ ಹೇಳ್ತಾ ಬಂದದ್ದು. ಹಿಮ್ಮಡಿ ಸಣ್ಣ, ಬೆರಳ ಬುಡ ವಿಪರೀತ ಅಗಲ, ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಗಂಟು, ಅದರ ಮೇಲೆ ಪಾದದ ಬೆನ್ನೂ ಎತ್ತರ. ಕೊಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ ಹೈಸ್ಕೂಲಿನ ತನಕ ಬರಿಗಾಲು, ಆಮೇಲೆ ಹವಾಯಿ ಚಪ್ಪಲಿ. ಪಾದಕ್ಕೆ ಹರಡಿಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ, ಅದು ಹರಡಿಕೊಂಡಿತು. ಊರಲ್ಲಿ ಇದೊಂದು ಸಮಸ್ಯೆ ಅಂತ ಗೊತ್ತೇ ಇರಲಿಲ್ಲ, ಯಾಕಂದ್ರೆ ಎಲ್ಲರದ್ದೂ ಹಾಗೇ ಇತ್ತು.

ಗೊತ್ತಾದದ್ದು ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು, ಇಲ್ಲಿನವರ ಜೊತೆ ಜಿಂಕೆ ಶಿಕಾರಿಗೆ ಹೋಗಲು ಶುರು ಮಾಡಿದ ಮೇಲೆ. ಅಜ್ಜನ ಕಾಲದ ಶಿಕಾರಿ ಕತೆ ಕೇಳಿಕೊಂಡು ಬೆಳೆದವನು ನಾನು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿದ ಕತೆ, ಮುಗಿದದ್ದು ಒಳ್ಳೆಯದೇ. ಇಲ್ಲಿ ಬಿಳಿಬಾಲದ ಜಿಂಕೆ ಲೆಕ್ಕಕ್ಕಿಂತ ಜಾಸ್ತಿ ಆಗಬಾರದು ಅಂತ ಸರ್ಕಾರವೇ ಲೈಸೆನ್ಸ್ ಕೊಟ್ಟು ಹೊಡೆಸುತ್ತದೆ. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಮೊದಲು ಶಿಕಾರಿ ಸುರಕ್ಷತೆಯ ತರಗತಿಗೆ ಹೋಗಿ ಪಾಸಾಗಬೇಕು. ನಾನೂ ಹೋದೆ, ಹದಿಮೂರು ವರ್ಷದ ಹುಡುಗರ ಮಧ್ಯೆ ಕೂತು ಪರೀಕ್ಷೆ ಬರೆದೆ. ಕೋವಿ ಸೀಸನ್ ಒಂಬತ್ತು ದಿನ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರು. ಅಂದರೆ ನವೆಂಬರ್ ಕೊನೆ. ಅಂದರೆ ಚಳಿ.

ಮೊದಲ ವರ್ಷ ಒಂದು ಜೊತೆ ರಬ್ಬರ್ ಬೂಟು ತಗೊಂಡೆ, ನಮ್ಮ ಭಾಷೆಯಲ್ಲಿ ಗಂಬೂಟು. ಬೆಚ್ಚಗಿರಲಿ ಅಂತ ಒಳಗೆ ದಪ್ಪ ಪದರ ಇರುವುದನ್ನೇ ಆರಿಸಿದೆ, 1000 ಗ್ರಾಂ. ಈ ಗ್ರಾಂ ಲೆಕ್ಕ ಅಂದರೆ ಒಂದು ಚದರ ಮೀಟರ್ ಪದರದ ತೂಕ, ಬೂಟಿನೊಳಗೆ ಅಷ್ಟು ಇದೆ ಅಂತಲ್ಲ. ಅಂಗಡಿಯಲ್ಲಿ ತೆಳ್ಳನೆ ಸಾಕ್ಸ್ ಹಾಕಿ ನೋಡಿದಾಗ ಸ್ವಲ್ಪ ಬಿಗಿ ಅನ್ನಿಸಿತ್ತು. ಹಾಕ್ತಾ ಹಾಕ್ತಾ ಸಡಿಲ ಆಗುತ್ತದೆ ಬಿಡು ಅಂದುಕೊಂಡೆ. ರಬ್ಬರ್ ಎಲ್ಲಿ ಸಡಿಲ ಆಗುತ್ತದೆ! ಬೆಳಗಿನ ಜಾವ ಮರದ ಮೇಲಿನ ಅಟ್ಟಣೆಯಲ್ಲಿ ಕೂತೆ, ನಮ್ಮ ಕಡೆ ಗದ್ದೆ ಕಾಯಲು ಕಟ್ಟುವ ಮಾಳ ಇರುತ್ತದಲ್ಲ, ಹೆಚ್ಚು ಕಡಿಮೆ ಅದೇ. ಒಂದು ಗಂಟೆಯಲ್ಲಿ ಬೆರಳು ಜೋಮು ಹಿಡಿಯಿತು, ಎರಡು ಗಂಟೆಯಲ್ಲಿ ಬೆರಳು ಇದೆಯೋ ಇಲ್ಲವೋ ಅನ್ನುವ ಹಾಗಾಯಿತು. ಎಂಟೂವರೆಗೆ ಇಳಿದು ಕಾರಿಗೆ ಓಡಿದೆ. ನಾನು ಇಳಿದ ಅರ್ಧ ಗಂಟೆಗೆ ಪಕ್ಕದ ಅಟ್ಟಣೆಯವರು ಗುಂಡು ಹೊಡೆದ ಸದ್ದು ಕೇಳಿಸಿತು, ಆ ಸಂಕಟ ಬೇರೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ, "ಎರಡು ಜೊತೆ ಸಾಕ್ಸ್ ಹಾಕ್ಕೊಳ್ಳೋದಲ್ವೇನೋ ಮಾರಾಯ" ಅಂದರು. ಮಾರನೇ ದಿನ ಅದನ್ನೂ ಮಾಡಿದೆ. ಇನ್ನೂ ಬೇಗ ಮರಗಟ್ಟಿತು.

ಇದು ಅರ್ಥ ಆಗಲು ನನಗೆ ಎರಡು ವರ್ಷ ಬೇಕಾಯಿತು: ಬೂಟು ಬಿಗಿ ಇದ್ದರೆ ಅದು ಬೆಚ್ಚಗಿಡುವುದಿಲ್ಲ, ತಣ್ಣಗೆ ಮಾಡುತ್ತದೆ. ಪಾದ ಬಿಗಿದರೆ ಬೆರಳಿಗೆ ರಕ್ತ ಹೋಗುವುದಿಲ್ಲ. ಉಣ್ಣೆ ಆಗಲಿ ಬೂಟಿನ ಪದರ ಆಗಲಿ ಬೆಚ್ಚಗಿಡುವುದು ಒಳಗೆ ಹಿಡಿದಿಟ್ಟ ಗಾಳಿಯಿಂದ. ಅದನ್ನು ಪಾದದ ಅಡಿಗೆ ಹಾಕಿ ಚಪ್ಪಟೆ ಮಾಡಿದರೆ ಗಾಳಿ ಎಲ್ಲಿರಬೇಕು? ಪದರ ದಪ್ಪ ಆದಷ್ಟೂ ಒಳಗಿನ ಜಾಗ ಕಮ್ಮಿ ಆಗುತ್ತದೆ. ಅಗಲ ಪಾದದವರು ದಪ್ಪ ಪದರದ ಬೂಟಿಗೆ ಆಸೆಪಟ್ಟು ಸಿಕ್ಕಿಬೀಳುವುದು ಇಲ್ಲೇ.

ಎರಡನೇ ವರ್ಷ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಒಂಬತ್ತರ ಕಾಲಿಗೆ ಹತ್ತೂವರೆ ತಗೊಂಡೆ. ಅಗಲ ಏನೋ ಸರಿ ಹೋಯಿತು, ಆದರೆ ಮುಂದೆ ಒಂದು ಬೆರಳಿನಷ್ಟು ಖಾಲಿ, ಹಿಂದೆ ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ. ಆ ವರ್ಷ ಜಿಂಕೆ ಸಿಕ್ಕಿತು. ಜೌಗು ದಾಟಿ ಗುಡ್ಡ ಹತ್ತಿಸಿ ಅದನ್ನು ಎಳೆದು ತರುವಷ್ಟರಲ್ಲಿ ಎರಡೂ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಷ್ಟು ಗುಳ್ಳೆ ಎದ್ದು ಒಡೆದಿತ್ತು. ಅಮೆರಿಕದ ಲೆಕ್ಕದಲ್ಲಿ ಒಂದು ಸೈಜು ಅಂದರೆ ಉದ್ದದಲ್ಲಿ ಇಂಚಿನ ಮೂರನೇ ಒಂದು ಭಾಗ, ಎಂಟೂವರೆ ಮಿಲಿಮೀಟರ್. ಅಗಲ ಸಿಗಲಿ ಅಂತ ಉದ್ದ ಹೆಚ್ಚಿಸುತ್ತಾ ಹೋದರೆ ಅಗಲ ಚೂರು ಚೂರೇ ಬರುತ್ತದೆ, ಉದ್ದ ಮಾತ್ರ ದಂಡಿಯಾಗಿ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೂಟು ಬಾಗುವ ಜಾಗ ಬೆರಳ ಬುಡದಲ್ಲಿ ಇರಬೇಕು, ದೊಡ್ಡ ಬೂಟಿನಲ್ಲಿ ಅದು ಮುಂದಕ್ಕೆ ಹೋಗಿರುತ್ತದೆ. ಪಾದ ಒಂದು ಕಡೆ ಬಾಗುತ್ತದೆ, ಬೂಟು ಇನ್ನೊಂದು ಕಡೆ. ಸಂಜೆ ಹೊತ್ತಿಗೆ ಅಂಗಾಲು ಸುಸ್ತಾಗುವುದು ಯಾಕೆ ಅಂತ ನಾನು ವಯಸ್ಸಿನ ಮೇಲೆ ಹಾಕಿಕೊಂಡಿದ್ದೆ.

ಮೂರನೆಯದರ ಕತೆ ಚಿಕ್ಕದು. ಆನ್‌ಲೈನಲ್ಲಿ "ವೈಡ್" ಅಂತ ಬರೆದದ್ದು ನೋಡಿ ತರಿಸಿದೆ. ಎಷ್ಟು ವೈಡ್ ಅಂತ ಎಲ್ಲೂ ಬರೆದಿರಲಿಲ್ಲ. ಹೊರಗೆ ಕೆಸರಲ್ಲಿ ಒಂದು ಸುತ್ತು ಹೋಗಿ ಬಂದೆ, ವಾಪಸ್ ತಗೊಳ್ಳಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ನನ್ನ ಜೊತೆ ಕೆಲಸ ಮಾಡುವ ಒಬ್ಬ ಹಿರಿಯರು. ಅರವತ್ತು ದಾಟಿದವರು, ಹನ್ನೆರಡನೇ ವಯಸ್ಸಿನಿಂದ ಶಿಕಾರಿ. ನಾನು ಕುಂಟುವುದನ್ನು ನೋಡಿ, "ನಿನ್ನ ಕಾಲು ಯಾವತ್ತಾದರೂ ಅಳೆಸಿದ್ದೀಯಾ?" ಅಂದರು. ಅಳೆಸುವುದೇನು, ನನ್ನ ಸೈಜು ನನಗೆ ಗೊತ್ತಿಲ್ವಾ ಅಂದೆ. ಗೊತ್ತಿರಲಿಲ್ಲ.

ಹಳೆಯ ಕಾಲದ ಬೂಟಿನ ಅಂಗಡಿಗಳಲ್ಲಿ ಬ್ರಾನಕ್ ಅಂತ ಒಂದು ಲೋಹದ ಅಳತೆಪಟ್ಟಿ ಇರುತ್ತದೆ. ಸಿರಾಕ್ಯೂಸ್ ಊರಿನ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲಿ ಮಾಡಿದ್ದು, ಇವತ್ತಿಗೂ ಅದೇ. ಅದು ಮೂರು ಅಳತೆ ಕೊಡುತ್ತದೆ: ಹಿಮ್ಮಡಿಯಿಂದ ಬೆರಳ ತುದಿ, ಹಿಮ್ಮಡಿಯಿಂದ ಹೆಬ್ಬೆರಳ ಬುಡ, ಮತ್ತೆ ಅಗಲ. ಎಲ್ಲರೂ ಮೊದಲನೆಯದನ್ನು ನೋಡಿ ಎದ್ದು ಹೋಗುತ್ತಾರೆ. ನನ್ನ ಬೆರಳುಗಳು ಗಿಡ್ಡ. ಬೆರಳ ತುದಿಗೆ ಎಂಟೂವರೆ ಬಂದರೆ ಬುಡದ ಅಳತೆ ಒಂಬತ್ತು ಬಂತು. ಬುಡದ ಅಳತೆ ದೊಡ್ಡದಿದ್ದರೆ ಅದನ್ನೇ ಹಿಡಿಯಬೇಕು, ಯಾಕಂದ್ರೆ ಬೂಟು ಬಾಗುವುದು ಅಲ್ಲಿ. ಅಗಲ ಡಬಲ್ ಇ. ಗಂಡಸರಿಗೆ ಸಾಮಾನ್ಯ ಅಗಲ ಡಿ, ಆಮೇಲೆ ಇ, ಡಬಲ್ ಇ, ಹೀಗೆ ನಾಲ್ಕು ಇ ತನಕವೂ ಹೋಗುತ್ತದೆ. ಅಂದರೆ ನಾನು ಒಂಬತ್ತು ಡಬಲ್ ಇ ಹಾಕಬೇಕಾದವನು ಹತ್ತೂವರೆ ಡಿ ಹಾಕಿಕೊಂಡು ಕಾಡು ಸುತ್ತಿದ್ದೆ. (ಹೆಂಗಸರಿಗೆ ಸಾಮಾನ್ಯ ಅಗಲ ಬಿ. ಅವರಿಗೆ ಡಿ ಅಂದರೆನೇ ವೈಡ್. ನನ್ನ ಹೆಂಡತಿ ಅದಕ್ಕೇ ಗಂಡಸರ ಬೂಟು ಒಂದೂವರೆ ಸೈಜು ಕಮ್ಮಿ ಮಾಡಿ ತಗೊಳ್ಳುತ್ತಾಳೆ, ಬಣ್ಣವೂ ಚೆನ್ನಾಗಿರುತ್ತದಂತೆ.)

ಅಳೆಸುವುದಿದ್ದರೆ ಸಂಜೆ ಹೋಗಿ, ದಿನವೆಲ್ಲ ಓಡಾಡಿ ಪಾದ ಊದಿಕೊಂಡಿರುತ್ತದೆ. ನಿಂತುಕೊಂಡೇ ಅಳೆಸಿ, ಎರಡೂ ಕಾಲು ಅಳೆಸಿ. ಅಂಗಡಿ ಹತ್ತಿರ ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ನಿಂತು ಬೇರೆಯವರ ಕೈಯಲ್ಲಿ ಪೆನ್ಸಿಲ್ ನೆಟ್ಟಗೆ ಹಿಡಿಸಿ ಗೆರೆ ಎಳೆಸಿ. ನಾವೇ ಬಗ್ಗಿ ಎಳೆದುಕೊಂಡರೆ ಭಾರ ಬೇರೆ ಕಡೆ ಹೋಗಿ ಅಳತೆ ತಪ್ಪುತ್ತದೆ.

ಈಗ ನಾನು ಬೂಟು ನೋಡುವಾಗ ಕಾಲು ಹಾಕುವ ಮೊದಲೇ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲುತ್ತೇನೆ. ಪಾದ ಆಚೆ ಈಚೆ ಹೊರಗೆ ಚೆಲ್ಲಿದರೆ ಆ ಬೂಟು ನನ್ನದಲ್ಲ, ಮುಗೀತು, ಅಂಗಡಿಯವರು ಏನೇ ಹೇಳಲಿ. ಆಮೇಲೆ ಕಾಡಿಗೆ ಹಾಕುವ ಉಣ್ಣೆ ಸಾಕ್ಸೇ ಹಾಕಿಕೊಂಡು, ಲೇಸು ಬಿಚ್ಚಿ, ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿ, ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗುತ್ತದಾ ನೋಡುತ್ತೇನೆ. ಎರಡು ಹೋದರೆ ದೊಡ್ಡದು. ಲೇಸು ಕಟ್ಟಿದ ಮೇಲೆ ಮೆಟ್ಟಿಲು ಇಳಿಯಬೇಕು. ಹತ್ತುವುದಲ್ಲ, ಇಳಿಯುವುದು. ಬೆರಳ ತುದಿ ಮುಂದೆ ಬಡಿದರೆ ಕುದುರೆಮುಖ ಇಳಿದು ಬಂದವರ ಕಪ್ಪಾದ ಉಗುರು ನೆನಪು ಮಾಡಿಕೊಳ್ಳಿ. ಮನೆಗೆ ತಂದರೂ ಒಂದು ವಾರ ಕಾರ್ಪೆಟ್ ಮೇಲೆ ಮಾತ್ರ ಓಡಾಡಿ. ಅಟ್ಟೆಗೆ ಮಣ್ಣು ತಾಗಿಸಿದರೆ ನನ್ನ ಮೂರನೇ ಜೊತೆಯ ಗತಿ.

ಯಾವ ಕಂಪನಿ ಅಂತ ಕೇಳುವವರಿಗೆ: ಡಬಲ್ ಇ ಅಥವಾ ವೈಡ್ ಅಚ್ಚಿನಲ್ಲಿ ಶಿಕಾರಿ ಬೂಟು ಮಾಡುವವರಲ್ಲಿ ಡ್ಯಾನರ್, ಐರಿಷ್ ಸೆಟರ್, ಕೆನೆಟ್ರೆಕ್ ನಾನು ಹಾಕಿ ನೋಡಿದ್ದೇನೆ. ಡ್ಯಾನರ್ ಹುಟ್ಟಿದ್ದು ಇದೇ ವಿಸ್ಕಾನ್ಸಿನ್‌ನ ಚಿಪ್ಪೆವಾ ಫಾಲ್ಸ್‌ನಲ್ಲಿ, 1932ರಲ್ಲಿ. ಆಮೇಲೆ ಆರೆಗನ್‌ಗೆ ಹೋಯಿತು. ಆದರೆ ಹೆಸರಿಗಿಂತ ಅಚ್ಚು ಮುಖ್ಯ. ಬೂಟು ಹೊಲಿಯುವುದು ಪಾದದ ಆಕಾರದ ಒಂದು ಅಚ್ಚಿನ ಮೇಲೆ. ಒಂದೇ ಕಂಪನಿಯ ಎರಡು ಮಾದರಿಗೆ ಎರಡು ಅಚ್ಚು ಇರಬಹುದು, ಒಂದು ಹಿಡಿಸಿತು ಅಂತ ಇನ್ನೊಂದು ಹಿಡಿಸುತ್ತದೆ ಅನ್ನುವ ಹಾಗಿಲ್ಲ. ಎಲ್ಲವೂ ಸೋತರೆ ಅಳತೆ ಕೊಟ್ಟು ಹೊಲಿಸುವುದೂ ಇದೆ; ಇದೇ ವಿಸ್ಕಾನ್ಸಿನ್‌ನ ಬರ್ಲಿನ್ ಊರಲ್ಲಿ 1898ರಲ್ಲಿ ಶುರುವಾದ ರಸೆಲ್ ಮೊಕಸಿನ್ ಅದಕ್ಕೇ ಹೆಸರುವಾಸಿ. ಬೆಲೆ ಕೇಳಿ ನಾನು ಸುಮ್ನೆ ಫೋನ್ ಇಟ್ಟೆ.

ನಾನು ತಗೊಂಡದ್ದು ಒಂಬತ್ತು ಡಬಲ್ ಇ, ಚರ್ಮದ್ದು, 400 ಗ್ರಾಂ. ಅಗಲ ಸರಿ ಆದರೂ ಬಲಗಾಲಿನ ಗಂಟು ಒತ್ತುತ್ತಿತ್ತು. ಅದಕ್ಕೆ ಇಡೀ ಬೂಟು ಹಿಗ್ಗಿಸಬೇಕಾಗಿಲ್ಲ. ಬೂಟು ರಿಪೇರಿ ಮಾಡುವವರ ಹತ್ತಿರ ಇಕ್ಕಳದಂಥ ಒಂದು ಸಾಧನ ಇರುತ್ತದೆ, ಒಂದು ತುದಿಯಲ್ಲಿ ಉಂಡೆ, ಇನ್ನೊಂದು ತುದಿಯಲ್ಲಿ ಬಳೆ. ಉಂಡೆ ಒಳಗಿಂದ, ಬಳೆ ಹೊರಗಿಂದ, ಗಂಟು ಇರುವ ಜಾಗಕ್ಕೆ ಸರಿಯಾಗಿ ಹಿಡಿದು ಸಲಕ್ಕೆ ಒಂದು ರಾತ್ರಿ ಬಿಟ್ಟರು. ಕೊನೆಗೆ ಅಲ್ಲಿ ಸಣ್ಣ ಗುಬ್ಬಿ ಎದ್ದಿತ್ತು, ನನ್ನ ಗಂಟು ಅದರೊಳಗೆ ಹೋಗಿ ಕೂತಿತು. ಒಳಗೆ ಗೋರ್‌ಟೆಕ್ಸ್ ಥರದ ನೀರು ತಡೆಯುವ ಪದರ ಇದ್ದರೆ ಹುಷಾರು, ಚರ್ಮ ಹಿಗ್ಗಿದಷ್ಟು ಅದು ಹಿಗ್ಗದೆ ಹರಿದರೆ ಬೂಟು ಸೋರುತ್ತದೆ. ನನ್ನದರಲ್ಲಿ ಇತ್ತು. ಅದಕ್ಕೇ ಒಂದೇ ಸಲ ಎಳೆಯದೆ ಎರಡು ವಾರದಲ್ಲಿ ಮೂರು ಸಲ, ಸ್ವಲ್ಪ ಸ್ವಲ್ಪ ಮಾಡಿಸಿದೆ.

ಪಾದದ ಬೆನ್ನು ಎತ್ತರ ಇರುವವರಿಗೆ ಲೇಸಿನಲ್ಲೇ ಮದ್ದಿದೆ. ಎಲ್ಲಿ ಒತ್ತುತ್ತದೋ ಆ ಜಾಗದಲ್ಲಿ ಲೇಸನ್ನು ಅಡ್ಡ ಹಾಯಿಸದೆ, ಅದದೇ ಪಕ್ಕದಲ್ಲಿ ನೇರ ಮೇಲಿನ ತೂತಿಗೆ ತಗೊಂಡು ಹೋಗಿ ಅಲ್ಲಿಂದ ಅಡ್ಡ ಹಾಕಿ, ಕಿಟಕಿ ಬಿಟ್ಟ ಹಾಗೆ. ಅದರ ಮೇಲೆ ಕಣಕಾಲು ಬಾಗುವಲ್ಲಿ ಎರಡು ಲೇಸನ್ನು ಒಂದಕ್ಕೊಂದು ಎರಡು ಸುತ್ತು ಸುತ್ತಿ ಬಿಗಿಯಿರಿ. ಕೆಳಗೆ ಸಡಿಲ, ಮೇಲೆ ಬಿಗಿ, ಎರಡೂ ಹಾಗೇ ನಿಲ್ಲುತ್ತವೆ, ಹಿಮ್ಮಡಿ ಕದಲುವುದಿಲ್ಲ. ಅಟ್ಟಣೆಗೆ ನಡೆದು ಹೋಗುವಾಗ ಹೀಗೆ ಕಟ್ಟುತ್ತೇನೆ, ಹತ್ತಿ ಕೂತ ಮೇಲೆ ಪೂರ್ತಿ ಸಡಿಲ ಬಿಡುತ್ತೇನೆ. ಕಾಲಿಗೆ ರಕ್ತ ಇಳಿಯಲಿ ಅಂತ. 400 ಗ್ರಾಂ ಬೂಟಿನಲ್ಲಿ ಈಗ ಹತ್ತೂವರೆ ತನಕ ಕೂರುತ್ತೇನೆ, ಹಿಂದೆ 1000 ಗ್ರಾಂನಲ್ಲಿ ಎಂಟೂವರೆಗೆ ಓಡಿದವನು.

ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನರ ಪಾದ ಅಳೆದು, ನಮ್ಮವರ ಪಾದ ಸಾಮಾನ್ಯವಾಗಿ ಅಗಲ ಅಂತ ಹೇಳಿ, "ಭಾ" ಅನ್ನುವ ಹೊಸ ಅಳತೆ ಪದ್ಧತಿಯನ್ನೇ ಮುಂದಿಟ್ಟಿದ್ದಾರೆ. ಅದನ್ನು ಓದಿದಾಗ ಅಣ್ಣನಿಗೆ ಕಳಿಸಿದೆ, ಬಾತುಕೋಳಿ ನಾನೊಬ್ಬನೇ ಅಲ್ಲ ನೋಡು ಅಂತ. ಕಳೆದ ಸಲ ಊರಿಗೆ ಹೋದಾಗ ಹಳೆ ಪೇಪರ್ ಮೇಲೆ ಅವನನ್ನು ನಿಲ್ಲಿಸಿ ಗೆರೆ ಎಳೆದೆ. ನನಗಿಂತ ನಾಲ್ಕು ಮಿಲಿಮೀಟರ್ ಜಾಸ್ತಿ! ಒಂದು ಜೊತೆ ಒಳ್ಳೆ ಬೂಟು ತರಿಸಿ ಕೊಡುತ್ತೇನೆ, ತೋಟಕ್ಕೆ ಹಾಕ್ಕೋ ಅಂದೆ. ಅವನು ಅಡಿಕೆ ತೋಟಕ್ಕೆ ಹೋಗುವುದು ಅದೇ ಬಿಗಿ ಗಂಬೂಟಿನಲ್ಲಿ, ಸಂಜೆ ಬಂದು ಬೆರಳು ನೀವಿಕೊಳ್ಳುತ್ತಾ ಕೂರುತ್ತಾನೆ. "ಲೇಸು ಕಟ್ಟುವಷ್ಟರಲ್ಲಿ ಉಂಬಳ ಮೊಣಕಾಲಿಗೆ ಹತ್ತಿರುತ್ತದೆ, ನಿನ್ನ ಬೂಟು ನೀನೇ ಇಟ್ಕೋ" ಅಂದ. ಲೇಸು ಇಲ್ಲದ, ಡಬಲ್ ಇ ಅಗಲದ ಗಂಬೂಟು ಯಾರಿಗಾದರೂ ಎಲ್ಲಾದರೂ ಸಿಕ್ಕಿದ್ದರೆ ಹೇಳಿ, ಮಳೆಗಾಲದೊಳಗೆ ಅವನಿಗೆ ಕಳಿಸಬೇಕು.