ಬಡವರ ಯೋಜನೆಯ ಹಣ ನಿಂತಾಗ: ರಿಟ್ ಅರ್ಜಿಗೆ ಕಾಗದ ಜೋಡಿಸುವ ಬಗೆ

ಪಿಂಚಣಿಯಾಗಲಿ, ವಿದ್ಯಾರ್ಥಿವೇತನವಾಗಲಿ, ಅಂಗನವಾಡಿ ಆಹಾರವಾಗಲಿ, ನಾನು ಮೊದಲು ಹುಡುಕುವುದು ಹಣ ಯಾರ ಮೇಜಿನ ಮೇಲೆ ನಿಂತಿದೆ ಎಂಬುದನ್ನು. ರಿಟ್ ಅರ್ಜಿ ಎಂದರೆ ಸರ್ಕಾರಕ್ಕೆ ಆಜ್ಞೆ ಮಾಡಿ ಎಂದು ಕೋರ್ಟನ್ನು ಕೋರುವುದು; ‘ಸರ್ಕಾರ ದುಡ್ಡು ಕೊಡುತ್ತಿಲ್ಲ’ ಎಂದಷ್ಟೇ ಹೇಳುವ ಅರ್ಜಿಗೆ ಹೈಕೋರ್ಟಿನಲ್ಲಿ ಬಲವಿಲ್ಲ.

ಬಜೆಟ್ಟಿನ ಅನುದಾನ, ಇಲಾಖೆಯ ಬಿಡುಗಡೆ ಆದೇಶ, ಖಜಾನೆಯ ಬಿಲ್ಲು, ಫಲಾನುಭವಿಯ ಖಾತೆ: ಹಣ ದಾಟುವ ಮೆಟ್ಟಿಲು ಇವು ನಾಲ್ಕು. ಒಂದೊಂದಕ್ಕೂ ಬೇರೆ ಬೇರೆ ಮಾಹಿತಿ ಹಕ್ಕು ಅರ್ಜಿ ಹಾಕುತ್ತೇನೆ, ಶುಲ್ಕ ತಲಾ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ‘ಏಕೆ ಬಿಡುಗಡೆ ಮಾಡಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಲೆಕ್ಕಶೀರ್ಷಿಕೆ (ಬಜೆಟ್ಟಿನಲ್ಲಿ ಆ ಯೋಜನೆಯ ಹಣಕ್ಕಿರುವ ಲೆಕ್ಕದ ಸಂಖ್ಯೆ) ನಮೂದಿಸಿ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗಿನ ಬಿಡುಗಡೆ ಆದೇಶ ಮತ್ತು ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೇಳಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ಬಿಡುಗಡೆ ಆದೇಶ ಕೈಗೆ ಬಂದರೆ ಮೊತ್ತಕ್ಕಿಂತ ಮೊದಲು ಷರತ್ತುಗಳನ್ನು ಓದಿ. ‘ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಿದ ನಂತರ’ ಎಂಬ ಒಂದು ಸಾಲು ಅಲ್ಲೇ ಇರುತ್ತದೆ. ಕೇಂದ್ರ ಕೊಟ್ಟಿಲ್ಲ ಎಂದು ರಾಜ್ಯ, ಪ್ರಮಾಣಪತ್ರ ಬಂದಿಲ್ಲ ಎಂದು ಕೇಂದ್ರ: ಈ ಜಗ್ಗಾಟದಲ್ಲಿ ಒಬ್ಬರನ್ನೇ ಪ್ರತಿವಾದಿ ಮಾಡಿದರೆ ಇನ್ನೊಬ್ಬರತ್ತ ಬೆರಳು ತೋರಿಸಿ ಪಾರಾಗುತ್ತಾರೆ. ಇಬ್ಬರನ್ನೂ ಸೇರಿಸಿ.

ಪಿಂಚಣಿ ನಿಂತ ಅಜ್ಜಿಯ ಪಾಸ್‌ಬುಕ್ಕಿಗಿಂತ ಗಟ್ಟಿ ಸಾಕ್ಷ್ಯ ಬೇರಿಲ್ಲ. ತಿಂಗಳು ತಿಂಗಳೂ ಬಂದ ಜಮೆ, ಕೊನೆಯ ತಾರೀಖು, ಅದರ ಕೆಳಗೆ ಖಾಲಿ ಸಾಲುಗಳು. ಖಾತೆ ಸಂಖ್ಯೆ ಮುಚ್ಚಿ ಆ ಪುಟವನ್ನೇ ಲಗತ್ತಿಸಿ. ಆದರೆ ಅದೇ ಊರಿನ ಉಳಿದವರಿಗೆ ಹಣ ಬಂದಿದೆಯೇ ಎಂದು ಮೊದಲು ವಿಚಾರಿಸಿ. ಬಂದಿದ್ದರೆ ತೊಡಕು ಅನುದಾನದ್ದಲ್ಲ, ಆಧಾರ್ ಜೋಡಣೆಯದ್ದಿರಬಹುದು; ಅದಕ್ಕೆ ಈ ಅರ್ಜಿ ಹೊಂದುವುದಿಲ್ಲ.

ಕೋರ್ಟಿಗೆ ಹೋಗುವ ಮುನ್ನ ಅಧಿಕಾರವುಳ್ಳ ಅಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಮೊಹರು ಪಡೆಯಬೇಕು. ಇದಿಲ್ಲದೆ ಮ್ಯಾಂಡಮಸ್, ಅಂದರೆ ‘ನಿನ್ನ ಕರ್ತವ್ಯ ಮಾಡು’ ಎಂದು ಅಧಿಕಾರಿಗೆ ಕೋರ್ಟು ಕೊಡುವ ಆಜ್ಞೆ, ಸಿಗುವುದು ಕಷ್ಟ. ಪಡಿತರದ ವಿಷಯವಾದರೆ 2013ರ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ಅಧಿಕಾರಿ, ರಾಜ್ಯ ಆಹಾರ ಆಯೋಗದ ಬಾಗಿಲು ತಟ್ಟಿರಲೇಬೇಕು. ಇಲ್ಲವಾದರೆ ನ್ಯಾಯಾಲಯ ಅಲ್ಲಿಗೇ ಕಳಿಸುತ್ತದೆ.

ಬಹಳಷ್ಟು ಅರ್ಜಿಗಳು ಕೆಡುವುದು ಕೋರಿಕೆಯಲ್ಲಿ. ‘ಮನವಿ ಪರಿಗಣಿಸಲು ನಿರ್ದೇಶಿಸಿ’ ಎಂದು ಕೇಳಿದರೆ ಅಷ್ಟೇ ಸಿಗುತ್ತದೆ. ಅಧಿಕಾರಿ ಒಂದೇ ಸಾಲಿನಲ್ಲಿ ‘ಪರಿಗಣಿಸಿ ತಿರಸ್ಕರಿಸಿದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ಎಷ್ಟು ಮೊತ್ತ, ಯಾವ ಅಧಿಕಾರಿ, ಎಷ್ಟು ದಿನದೊಳಗೆ ಎಂದು ಬಿಡಿಸಿ ಬರೆಯಿರಿ. 2001ರ ನವೆಂಬರ್ 28ರಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಸಿಯೂಟಕ್ಕೆ ಕನಿಷ್ಠ 300 ಕ್ಯಾಲೊರಿ, 8–12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ ಎಂದು ಅಂಕಿಯಲ್ಲೇ ಹೇಳಿತು. ಹಾಗಾಗಿ ಆದೇಶ ಪಾಲನೆಯಾಗಿದೆಯೋ ಇಲ್ಲವೋ ಎಂಬುದನ್ನು ಯಾವ ಶಾಲೆಯಲ್ಲಾದರೂ ಅಳೆದು ನೋಡಬಹುದಾಯಿತು.

‘ಖಜಾನೆಯಲ್ಲಿ ಹಣವಿಲ್ಲ’ ಎಂಬ ಉತ್ತರಕ್ಕೆ ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ ಕೊಟ್ಟ ತೀರ್ಪು ನೆರವಾಗುತ್ತದೆ: ಕಾನೂನು ಹೊರಿಸಿದ ಕರ್ತವ್ಯಕ್ಕೆ ಹಣದ ಅಭಾವ ನೆಪವಾಗದು. ಆದರೆ ಯೋಜನೆ ಕಾಯ್ದೆಯ ಮೇಲೆ ನಿಂತಿರದೆ ಬರೀ ಸರ್ಕಾರಿ ಆದೇಶದ ಮೇಲೆ ನಿಂತಿದ್ದರೆ ಈ ವಾದ ತೆಳುವಾಗುತ್ತದೆ. ಆಗ ಅದನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಜೋಡಿಸಿಯೇ ವಾದಿಸಬೇಕು.

ಮಾರ್ಚ್ 31ಕ್ಕೆ ಖರ್ಚಾಗದ ಅನುದಾನ ರದ್ದಾಗುತ್ತದೆ. ಡಿಸೆಂಬರಿನೊಳಗೆ ಅರ್ಜಿ ಹಾಕಿ ಮಧ್ಯಂತರ ಆದೇಶ ಕೇಳುವುದು ನನ್ನ ಪದ್ಧತಿ. ಆದೇಶ ಬಂದ ದಿನವೇ ಪಾಲನೆಯ ಗಡುವನ್ನು ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡುತ್ತೇನೆ. ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿಗೆ ಇರುವ ಕಾಲಮಿತಿ ಒಂದೇ ವರ್ಷ.