ವೀರಗಲ್ಲು, ಚಾಟ್‌ಜಿಪಿಟಿ ಮತ್ತು ನನ್ನ ಕ್ಲಾಸು

ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನ ಡಿಗ್ರಿ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಹದಿನಾರು ವರ್ಷದಿಂದ ಬಿಎ ಮಕ್ಕಳಿಗೆ ಒಂದೇ ಅಸೈನ್‌ಮೆಂಟ್ ಕೊಡುತ್ತಾ ಬಂದಿದ್ದೆ. 'ವೀರಗಲ್ಲುಗಳ ಮಹತ್ವ', ಆರು ಪುಟ. ಮಕ್ಕಳು ಗೈಡ್ ನೋಡಿ ಬರೆಯುತ್ತಿದ್ದರು, ಇಲ್ಲವೇ ಸೀನಿಯರ್‌ಗಳ ಹಾಳೆ ಇಸಕೊಂಡು ಬರೆಯುತ್ತಿದ್ದರು. ನಾನು ಪುಟ ಎಣಿಸಿ ಮಾರ್ಕ್ಸ್ ಹಾಕುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ನಮ್ಮ ಕ್ಲಾಸಿಗೆ ಕಾಲಿಡಲು ಇನ್ನೊಂದು ವರ್ಷ ಹಿಡಿಯಿತು. ಆ ಸಲ ಬಂದ 42 ಅಸೈನ್‌ಮೆಂಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ 'ಒಟ್ಟಾರೆಯಾಗಿ ಹೇಳುವುದಾದರೆ' ಅಂತ ಮುಗಿದಿದ್ದವು. ನಮ್ಮ ಮಕ್ಕಳು ಹಾಗೆ ಬರೆಯುವವರಲ್ಲ. ಮೊಬೈಲ್ ನೋಡಿಕೊಂಡು, ಅಂಚಿಗೆ ಕೆಂಪು ಗೆರೆ ಎಳೆದು, ನೀಲಿ ಪೆನ್ನಿನಲ್ಲಿ ದುಂಡಗೆ ಬರೆದು ತಂದಿದ್ದರು. ನಕಲು ಮಾಡಲಿಕ್ಕೂ ಎಷ್ಟು ಕಷ್ಟಪಟ್ಟಿದ್ದಾರಲ್ಲ ಅಂತ ನಗು ಬಂತು.

ಒಬ್ಬ ಹುಡುಗ ತನ್ನ ಊರಿನ ವೀರಗಲ್ಲಿಗೆ ಆಧಾರವಾಗಿ ಎಪಿಗ್ರಾಫಿಯಾ ಕರ್ನಾಟಿಕಾದ (ನಮ್ಮ ನಾಡಿನ ಶಾಸನಗಳನ್ನು ಅಚ್ಚು ಹಾಕಿದ ಪುಸ್ತಕಮಾಲೆ) ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಎಲ್ಲ ಕೊಟ್ಟಿದ್ದ. ಅಷ್ಟು ಶಿಸ್ತು ಕಂಡು ಖುಷಿಯಾಯಿತು. ಲೈಬ್ರರಿಯ ಕಬ್ಬಿಣದ ಬೀರು ತೆಗೆಸಿ ಏಳನೇ ಸಂಪುಟ ಹುಡುಕಿದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಸಂಪುಟ ಅದು, ಶಿಕಾರಿಪುರ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಹುಡುಗ ಕೊಟ್ಟ ಸಂಖ್ಯೆಯಲ್ಲಿ ಇದ್ದದ್ದು ಬೇರೆ ಯಾವುದೋ ಊರಿನ ದೇವಸ್ಥಾನಕ್ಕೆ ಭೂಮಿ ದಾನ ಕೊಟ್ಟ ಶಾಸನ. ಅವನ ಊರಿನ ಹೆಸರು ಸಂಪುಟದಲ್ಲೇ ಇರಲಿಲ್ಲ. ಕರೆದು ಕೇಳಿದರೆ, "ಸಾರ್, ಅದೇ ಕೊಡ್ತು" ಅಂದ. ಆ ಕಲ್ಲು ಅವನ ಮನೆಯಿಂದ ಕೂಗಳತೆ ದೂರ. ಹೋಗಿ ನೋಡಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಕೆಲವರು, ಎಐ ಬರೆದದ್ದನ್ನು ಪತ್ತೆ ಹಚ್ಚುವ ಸಾಫ್ಟ್‌ವೇರ್ ಹಾಕೋಣ ಅಂದರು. ನಾನು ಒಪ್ಪಲಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದನ್ನು ಬಿಟ್ಟಿತ್ತು. ಮೆಷಿನ್ ಬರೆದದ್ದರಲ್ಲಿ ನೂರಕ್ಕೆ 26ನ್ನು ಮಾತ್ರ ಅದು ಹಿಡಿಯುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ನೂರಕ್ಕೆ 9ನ್ನು ಮೆಷಿನ್ನಿನದು ಅನ್ನುತ್ತಿತ್ತು. 2023ರ ಜುಲೈನಲ್ಲಿ ಅವರೇ ಅದನ್ನು ಮುಚ್ಚಿದರು. ಅದೂ ಇಂಗ್ಲಿಷ್ ಬರಹದ ಲೆಕ್ಕ. ನಮ್ಮ ಮಕ್ಕಳ ಕನ್ನಡಕ್ಕೆ ಅದನ್ನು ನಂಬಿ ಯಾರನ್ನು ಕಳ್ಳ ಅನ್ನಲಿ?

ಇನ್ನು ನನ್ನದೇ ಒಂದು ಕಥೆ ಇದೆ. ಹೇಳಲೇಬೇಕು, ಏಕೆಂದರೆ ನಾನು ಬದಲಾದದ್ದು ಅಲ್ಲಿಂದ.

ಮಕ್ಕಳನ್ನು ಬೈಯುತ್ತಲೇ ನಾನೂ ರಾತ್ರಿ ಕೂತು ಚಾಟ್‌ಜಿಪಿಟಿಯಲ್ಲಿ ನೋಟ್ಸ್ ಮಾಡತೊಡಗಿದ್ದೆ. ಎರಡು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಒಮ್ಮೆ ಹನ್ನೆರಡು ಶಾಸನಗಳ ಕಾಲವನ್ನು ಕ್ರಿಸ್ತಶಕಕ್ಕೆ ತಿರುಗಿಸಿ ಒಂದು ಪಟ್ಟಿ ಮಾಡು ಅಂದೆ. ಶಕ ವರ್ಷಕ್ಕೆ 78 ಕೂಡಿಸುವುದು, ಸುಲಭದ ಲೆಕ್ಕ. ಮೊದಲ ನಾಲ್ಕು ನೋಡಿದೆ, ಸರಿ ಇದ್ದವು. ಉಳಿದದ್ದು ನೋಡದೆ ಪ್ರಿಂಟ್ ತೆಗೆದು ಹಂಚಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಸಾಮಾನ್ಯವಾಗಿ ಬಾಯಿಯೇ ಬಿಡದವನು, ಎದ್ದು ನಿಂತ. "ಸಾರ್, ಕ್ರಿಸ್ತಪೂರ್ವ 30ರಲ್ಲಿ ಚಾಲುಕ್ಯರು ಇದ್ರಾ?"

ನಮ್ಮ ಬಳ್ಳಿಗಾವಿಯ ಸುತ್ತಮುತ್ತ ಎಷ್ಟೋ ಶಾಸನಗಳಲ್ಲಿ ಚಾಲುಕ್ಯ ವಿಕ್ರಮ ವರ್ಷ ಬರುತ್ತದೆ. ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ 1076ರಿಂದ ಎಣಿಸುವ ಲೆಕ್ಕ ಅದು. ಪಟ್ಟಿಯಲ್ಲಿದ್ದ 27ನೇ ವರ್ಷ ಅಂದರೆ 1102ರ ಆಸುಪಾಸು. ಮೆಷಿನ್ನು 'ವಿಕ್ರಮ' ಅನ್ನುವ ಹೆಸರು ಕಂಡದ್ದೇ ಉತ್ತರ ಭಾರತದ ವಿಕ್ರಮ ಸಂವತ್ ಅಂದುಕೊಂಡು 57 ಕಳೆದಿತ್ತು. ನಾನು ಕಲಿಸಬೇಕಾದ ವಿಷಯವೇ ಅದು! ಹನ್ನೆರಡು ಸಲ ಕೈಯಿಂದ ಲೆಕ್ಕ ಹಾಕಿದ್ದರೆ ಐದನೆಯದಕ್ಕೇ ಗೊತ್ತಾಗುತ್ತಿತ್ತು. ಕ್ಲಾಸಿನಲ್ಲಿ ತಪ್ಪು ಒಪ್ಪಿಕೊಂಡೆ. ಆ ಪಟ್ಟಿಯನ್ನು ಈಗಲೂ ಪ್ರತಿ ವರ್ಷ ಹಂಚುತ್ತೇನೆ, ತಪ್ಪು ಹುಡುಕಿ ಅಂತ.

ಮುಂದಿನ ವರ್ಷ ಅಸೈನ್‌ಮೆಂಟ್ ಬದಲಾಯಿಸಿದೆ. ನಿಮ್ಮ ಊರಲ್ಲೋ ಪಕ್ಕದ ಊರಲ್ಲೋ ಇರುವ ಒಂದು ಕಲ್ಲಿನ ಹತ್ತಿರ ಹೋಗಿ. ಅಳತೆ ತೆಗೆಯಿರಿ, ಚಿತ್ರ ಬರೆಯಿರಿ. ಕೆಳಗಿನ ಅಂಕಣದಲ್ಲಿ ಕಾಳಗ ಇದೆಯಾ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರಾ, ಮೇಲೆ ಲಿಂಗ, ಸೂರ್ಯ, ಚಂದ್ರ ಇದ್ದಾರಾ ನೋಡಿ. ಊರಿನ ಹಿರಿಯರು ಅದನ್ನು ಏನಂತ ಕರೆಯುತ್ತಾರೆ, ಪೂಜೆ ಇದೆಯೋ ಬಟ್ಟೆ ಒಗೆಯುತ್ತಾರೋ ಕೇಳಿ. ಅದಾದ ಮೇಲೆ ಚಾಟ್‌ಜಿಪಿಟಿ ಕೇಳಬಹುದು. ಆದರೆ ಕೇಳಿದ್ದು, ಅದು ಹೇಳಿದ್ದು ಎಲ್ಲ ಪ್ರಿಂಟ್ ಹಚ್ಚಬೇಕು. ಅದರಲ್ಲಿ ಎರಡು ತಪ್ಪನ್ನಾದರೂ ಕೆಂಪು ಪೆನ್ನಿನಲ್ಲಿ ಗುರುತು ಮಾಡಬೇಕು. ಆಮೇಲೆ ನನ್ನೆದುರು ಐದು ನಿಮಿಷ ಮಾತು.

ಮೇಷ್ಟ್ರ ಮುಂದೆ ಕೆಂಪು ಪೆನ್ನು ಹಿಡಿಯುವುದು ಮಕ್ಕಳಿಗೆ ಎಷ್ಟು ಇಷ್ಟವಾಯಿತು ಅಂದರೆ ಎರಡು ತಪ್ಪು ಕೇಳಿದ್ದಕ್ಕೆ ಒಂಬತ್ತು ತಂದವರಿದ್ದಾರೆ. ತಾಳಗುಂದದ ಕಂಬದ ಶಾಸನದ ಬಗ್ಗೆ ಕೇಳಿದರೆ ಮೆಷಿನ್ನು ಚೆನ್ನಾಗಿ ಹೇಳುತ್ತದೆ. ಕವಿ ಕುಬ್ಜ, ಕಂಚಿಗೆ ಓದಲು ಹೋದ, ಆಮೇಲೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ, ಅಲ್ಲಿನ ಜಗಳ, ಎಲ್ಲ. ಅದರ ಬಗ್ಗೆ ಜನ ಬೇಕಾದಷ್ಟು ಬರೆದಿದ್ದಾರೆ. ಗದ್ದೆ ಬದುವಿನ ಹೆಸರಿಲ್ಲದ ಕಲ್ಲಿಗೆ ಬಂದರೆ ಗೊತ್ತಿಲ್ಲ ಅನ್ನುವುದಿಲ್ಲ, ಅಷ್ಟೇ ಧೈರ್ಯವಾಗಿ ಕಥೆ ಕಟ್ಟುತ್ತದೆ. ಒಬ್ಬ ಹುಡುಗಿ ಅಕ್ಷರವೇ ಇಲ್ಲದ ಕಲ್ಲಿನ ಫೋಟೋ ಹಾಕಿದ್ದಳು. ಅದು ನಾಲ್ಕು ಸಾಲಿನ ಶಾಸನ ಓದಿ ಕೊಟ್ಟಿತು! ಇನ್ನೊಬ್ಬನಿಗೆ 'ತುರುವಂ ಮಗುಳ್ಚಿ ಸತ್ತಂ' ಅನ್ನುವುದನ್ನು 'ಮಗಳಿಗಾಗಿ ಸತ್ತನು' ಅಂತ ಬಿಡಿಸಿ ಹೇಳಿತು. ತುರು ಅಂದರೆ ದನ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ವಾಪಸ್ ತಿರುಗಿಸಿ ಪ್ರಾಣ ಬಿಟ್ಟವನು ಆ ಕಲ್ಲಿನ ವೀರ. ಮಗಳ ಸುದ್ದಿಯೇ ಇಲ್ಲ.

ಹಾಗಂತ ಬರೀ ದೂರು ಹೇಳಿದರೆ ಅನ್ಯಾಯ. ರೈಸ್ ಅವರ ಸಂಪುಟದಲ್ಲಿ ಶಾಸನದ ಅನುವಾದ ಇರುವುದು ಹಳೆ ಕಾಲದ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ನನ್ನ ಮಕ್ಕಳು ಆ ಪುಸ್ತಕ ಮುಟ್ಟಿದವರೇ ಅಲ್ಲ. ಈಗ ಪುಟದ ಫೋಟೋ ತೆಗೆದು ಸರಳ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಾರೆ, ಪಕ್ಕದಲ್ಲಿ ಮೂಲ ಇಟ್ಟುಕೊಂಡು ಹೋಲಿಸುತ್ತಾರೆ. ಹದಿನಾರು ವರ್ಷದಲ್ಲಿ ನನ್ನಿಂದ ಆಗದ ಕೆಲಸ ಅದು. ಬೀರುವಿನ ಕೀಲಿ ಈಗ ಲೈಬ್ರರಿಯವರ ಮೇಜಿನ ಮೇಲೇ ಇರುತ್ತದೆ.

ಐದು ನಿಮಿಷದ ಮಾತು ಮಾತ್ರ ನನಗೆ ಭಾರವೇ. 42 ಮಕ್ಕಳಿಗೆ ಮೂರೂವರೆ ಗಂಟೆ, ವಾರವೆಲ್ಲ ಸಂಜೆ ಹೋಗುತ್ತದೆ. ಆದರೆ ಬಿಡಲು ಮನಸ್ಸಿಲ್ಲ. ಟರ್ಕಿಯ ಸುಮಾರು ಸಾವಿರ ಹೈಸ್ಕೂಲ್ ಮಕ್ಕಳ ಮೇಲೆ ಗಣಿತದಲ್ಲಿ ಒಂದು ಪ್ರಯೋಗ ನಡೆದಿತ್ತು. ಮಾಮೂಲಿ ಚಾಟ್‌ಬಾಟ್ ಇಟ್ಟುಕೊಂಡು ಅಭ್ಯಾಸ ಮಾಡಿದವರ ಅಂಕ ಅಭ್ಯಾಸದಲ್ಲಿ ಶೇ. 48 ಏರಿತು. ಅದನ್ನು ಕಿತ್ತುಕೊಂಡು ಪರೀಕ್ಷೆಗೆ ಕೂರಿಸಿದರೆ, ಮೊದಲಿಂದ ಅದನ್ನು ಬಳಸದವರಿಗಿಂತ ಶೇ. 17 ಕಡಿಮೆ ಬಂತು. ನನ್ನ ಮೇಜಿನ ಮುಂದೆಯೂ ಅದೇ ಕಾಣುತ್ತದೆ. ಪುಟಗಟ್ಟಲೆ ಚಂದ ಬರೆದವನು "ಕಲ್ಲಲ್ಲಿ ಕುದುರೆ ಯಾವ ಕಡೆ ಮುಖ ಮಾಡಿದೆ?" ಅಂದರೆ ತಡವರಿಸುತ್ತಾನೆ. ಮಳೆಯಲ್ಲಿ ನೆನೆದು ಚಿತ್ರ ಬರೆದವಳು ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ.

ಈ ವರ್ಷ ಒಬ್ಬಳು ತಮ್ಮ ಕೊಟ್ಟಿಗೆಯ ಮೆಟ್ಟಿಲಾಗಿದ್ದ ಕಲ್ಲನ್ನು ಪತ್ತೆ ಮಾಡಿದಳು. ಅಜ್ಜಿಯನ್ನು ಒಪ್ಪಿಸಿ, ತೊಳೆದು, ಸಂಜೆಯ ಓರೆ ಬೆಳಕಿನಲ್ಲಿ ಫೋಟೋ ತೆಗೆದಿದ್ದಾಳೆ. ಎರಡನೇ ಸಾಲಿನಲ್ಲಿ ಮೆಷಿನ್ನು ಯಾವುದೋ ರಾಜನ ಹೆಸರು ಓದಿತು. ಅವಳು ಅದಕ್ಕೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ 'ತುರು' ಅಂತ ಬರೆದಿದ್ದಾಳೆ. ನನಗೆ ಅದು 'ಊರ' ಅಂತ ಕಾಣುತ್ತದೆ. ಇಬ್ಬರೂ ಬಿಟ್ಟುಕೊಟ್ಟಿಲ್ಲ. ಭಾನುವಾರ ಕಾಗದ, ಬ್ರಶ್ಶು, ಮಸಿ ತಗೊಂಡು ಅಚ್ಚು ತೆಗೆಯಲು ಹೋಗುತ್ತಿದ್ದೇವೆ.