ಝೀನ್ ಮಾಡುವುದು: ಮಡಿಕೆ, ಜೆರಾಕ್ಸ್, ಹಂಚಿಕೆ

ಒಬ್ಬರೋ ನಾಲ್ಕಾರು ಜನ ಸೇರಿಯೋ ಕೈಯಾರೆ ಮಾಡಿ, ಕೆಲವೇ ಪ್ರತಿ ತೆಗೆದು ಹಂಚುವ ಪುಟ್ಟ ಪತ್ರಿಕೆಯೇ ಝೀನ್. ಯಾರ ಒಪ್ಪಿಗೆಯೂ ಬೇಡ, ಜಾಹೀರಾತೂ ಬೇಡ. 1930ರ ದಶಕದಲ್ಲಿ ಅಮೆರಿಕದ ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಇಂಥವನ್ನು ಸೈಕ್ಲೋಸ್ಟೈಲ್ ಮಾಡಿ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. 1959ರಲ್ಲಿ ಸಾದಾ ಹಾಳೆಯ ಮೇಲೆ ನಕಲು ತೆಗೆಯುವ ಜೆರಾಕ್ಸ್ 914 ಬಂತು. ಎಪ್ಪತ್ತರ ದಶಕದ ಪಂಕ್ ಸಂಗೀತದವರ ಹೊತ್ತಿಗೆ ನಕಲು ಯಂತ್ರವೇ ಅವರ ಅಚ್ಚುಕೂಟವಾಗಿತ್ತು. ಕತ್ತರಿಸಿ ಅಂಟಿಸಿದ, ಕಪ್ಪು-ಬಿಳುಪಿನ ಆ ಒರಟು ರೂಪ ಬಹುಮಟ್ಟಿಗೆ ಯಂತ್ರ ಕೊಟ್ಟದ್ದು. ಇವತ್ತಿಗೂ ಬರಹ ಚೆನ್ನಾಗಿಲ್ಲವೆಂದು ಕೆಡುವ ಝೀನ್ ಕಡಿಮೆ. ಹಾಳೆ ಹೇಗೆ ಮಡಿಯುತ್ತದೆ, ಯಂತ್ರಕ್ಕೆ ಏನು ಕಾಣುತ್ತದೆ ಎಂದು ಮೊದಲೇ ನೋಡಿಕೊಳ್ಳದೆ ಕೆಡುವುದೇ ಹೆಚ್ಚು.

ಒಂದೇ ಹಾಳೆಯಲ್ಲಿ ಎಂಟು ಪುಟ

ಮೊದಲ ಝೀನ್‌ಗೆ ಇದೇ ಸರಿ. ಹೊಲಿಗೆ ಬೇಡ, ಸ್ಟೇಪಲ್ ಪಿನ್ ಬೇಡ, ಹಿಂದೆ-ಮುಂದೆ ನಕಲು ತೆಗೆಯುವ ತಾಪತ್ರಯವೂ ಇಲ್ಲ. ಒಂದು ಎ4 ಹಾಳೆ (210 × 297 ಮಿ.ಮೀ.) ಎಂಟು ಭಾಗವಾಗಿ, ಒಂದೊಂದು ಪುಟ ಸುಮಾರು 74 × 105 ಮಿ.ಮೀ. ಆಗುತ್ತದೆ.

ಹಾಳೆಯನ್ನು ಅಡ್ಡಲಾಗಿ ಇಟ್ಟು ಉದ್ದಕ್ಕೆ ಅರ್ಧ ಮಡಿಸಿ, ಉಗುರಿನಿಂದ ಗಟ್ಟಿಯಾಗಿ ಉಜ್ಜಿ ಬಿಚ್ಚಿ. ಈಗ ಎಡ ಅಂಚನ್ನು ಬಲ ಅಂಚಿಗೆ ತಂದು ಮಡಿಸಿ, ಅದನ್ನೇ ಇನ್ನೊಮ್ಮೆ ಅರ್ಧ ಮಾಡಿ ಪೂರ್ತಿ ಬಿಚ್ಚಿ. ಎಂಟು ಚೌಕ ಕಾಣಬೇಕು. ಮತ್ತೆ ಎಡ ಅಂಚನ್ನು ಬಲಕ್ಕೆ ತಂದು ಒಂದೇ ಸಲ ಮಡಿಸಿ. ಮಡಿಕೆಯಾದ ಕಡೆಯಿಂದ, ನಡುವಿನ ಅಡ್ಡ ಗೆರೆಯ ಮೇಲೆ, ಮುಂದಿನ ನಿಲುವು ಗೆರೆ ಸಿಗುವವರೆಗೆ ಮಾತ್ರ ಕತ್ತರಿಸಿ. ಇಲ್ಲಿ ಎಡವುವವರು ಬಹಳ: ಮಡಿಕೆಯ ಕಡೆ ಬಿಟ್ಟು ತೆರೆದ ಅಂಚಿನ ಕಡೆಯಿಂದ ಕತ್ತರಿ ಹಾಕಿದರೆ ಹಾಳೆ ಎರಡು ಕವಲಾಗಿ ಕೈಗೆ ಬರುತ್ತದೆ, ಪುಸ್ತಕ ಆಗುವುದಿಲ್ಲ. ಸರಿಯಾಗಿ ಕತ್ತರಿಸಿದ್ದರೆ ಬಿಚ್ಚಿದಾಗ ಹಾಳೆಯ ನಟ್ಟನಡುವೆ ಮಾತ್ರ ಸುಮಾರು 148 ಮಿ.ಮೀ. ಉದ್ದದ ಸೀಳು ಇರುತ್ತದೆ, ಎರಡು ತುದಿಯೂ ಕೂಡಿಕೊಂಡೇ ಇರುತ್ತವೆ. ಈಗ ಉದ್ದಕ್ಕೆ ಮಡಿಸಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ಬಿಟ್ಟು, ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆಯಂತೆ ನಾಲ್ಕು ರೆಕ್ಕೆ ಮೂಡುತ್ತವೆ. ಅವನ್ನು ಒಂದೇ ಕಡೆಗೆ ಸುತ್ತಿ ಒತ್ತಿದರೆ ಪುಸ್ತಕ.

ಬಿಚ್ಚಿದ ಹಾಳೆಯ ಮೇಲೆ ಪುಟಗಳ ಜಾಗ, ಎಡದಿಂದ ಬಲಕ್ಕೆ:

ಮೇಲಿನ ಸಾಲು, ತಲೆಕೆಳಗಾಗಿ: 7, 6, 5, 4
ಕೆಳಗಿನ ಸಾಲು, ನೆಟ್ಟಗೆ: 8, 1, 2, 3

1 ಅಂದರೆ ಮುಖಪುಟ, 8 ಅಂದರೆ ಹಿಂಬದಿ. ಬಾಯಿಪಾಠ ಮಾಡುವುದಕ್ಕಿಂತ, ಖಾಲಿ ಹಾಳೆಯೊಂದನ್ನು ಮಡಿಸಿ, ಪುಟ ತಿರುಗಿಸುತ್ತಾ ಸಂಖ್ಯೆ ಬರೆದು, ಬಿಚ್ಚಿ ಮುಂದಿಟ್ಟುಕೊಳ್ಳುವುದು ಲೇಸು.

ಒಂದು ಸೂಕ್ಷ್ಮ. ಎಂಟೂ ಪುಟಗಳ ತಲೆ ಹಾಳೆಯ ನಡುಗೆರೆಯ ಕಡೆಗಿರುತ್ತದೆ, ಬುಡ ಹಾಳೆಯ ಹೊರ ಅಂಚಿನಲ್ಲಿರುತ್ತದೆ. ನಕಲು ಯಂತ್ರಗಳು ಸಾಮಾನ್ಯವಾಗಿ ಹಾಳೆಯ ಸುತ್ತ 4-5 ಮಿ.ಮೀ. ಮುದ್ರಿಸುವುದಿಲ್ಲ. ಹಾಗಾಗಿ ಬುಡದಲ್ಲಿ ಹಾಕಿದ ಪುಟಸಂಖ್ಯೆ, ಕೊನೆಯ ಸಾಲಿನ ಒತ್ತಕ್ಷರ ಎಲ್ಲ ಹಾರಿಹೋಗುತ್ತವೆ. ಬುಡದಲ್ಲಿ 8-10 ಮಿ.ಮೀ., ಉಳಿದ ಕಡೆ 5 ಮಿ.ಮೀ. ಖಾಲಿ ಬಿಡಿ. ಪುಟದ ಸುತ್ತ ಚೆಂದಕ್ಕೆಂದು ಗೆರೆಯ ಚೌಕಟ್ಟು ಎಳೆಯಬೇಡಿ. ನಕಲು ಒಂದೆರಡು ಮಿ.ಮೀ. ಸರಿಯುವುದು ಮಾಮೂಲು. ಚೌಕಟ್ಟಿಲ್ಲದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇದ್ದರೆ ಪುಟಪುಟವೂ ಸೊಟ್ಟ ಕಾಣುತ್ತದೆ.

ಮೂಲ ಪ್ರತಿ: ಯಂತ್ರದ ಕಣ್ಣಿನಿಂದ ನೋಡಿ

ಕಪ್ಪು ಜೆಲ್ ಪೆನ್ನು ಅಥವಾ ಫೈನ್‌ಲೈನರ್, 0.5ರಿಂದ 0.8 ಮಿ.ಮೀ. ಮೊನೆಯದು, ಚೆನ್ನಾಗಿ ಮೂಡುತ್ತದೆ. ಪೆನ್ಸಿಲ್ ಬರಹ ಮಾಸಲಾಗುತ್ತದೆ. ನೀಲಿ ಬಾಲ್‌ಪೆನ್ನಿನ ಅಕ್ಷರ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಕೆಂಪು ಬಣ್ಣ ಕಪ್ಪು ಯಂತ್ರದಲ್ಲಿ ಗಾಢ ಬೂದಿಯಾಗಿಯೋ ಕಪ್ಪಾಗಿಯೋ ಬರುತ್ತದೆ. ಕೆಂಪು ಕಾಗದದ ಮೇಲೆ ಕಪ್ಪಿನಲ್ಲಿ ಬರೆದರೆ ಎರಡೂ ಒಂದಾಗಿ ಏನೂ ಓದಲಾಗದು. ಹಳದಿ ಮಾತ್ರ ಬಹುತೇಕ ಮಾಯ. ತೆಳು ನೀಲಿ ಬಣ್ಣದ ಪೆನ್ಸಿಲ್ಲೂ ಬಹುಪಾಲು ಕಪ್ಪು-ಬಿಳುಪು ನಕಲಿನಲ್ಲಿ ಕಾಣದು. ಇದನ್ನು ಲಾಭವಾಗಿ ಬಳಸಿ: ಅಂಚಿನ ಗೆರೆ, ಸಾಲಿನ ಗೆರೆ ಎಲ್ಲ ತೆಳು ನೀಲಿಯಲ್ಲೇ ಎಳೆದರೆ ಆಮೇಲೆ ಅಳಿಸುವ ಕೆಲಸವಿಲ್ಲ.

ಅಂಟಿಸಲು ಗ್ಲೂ ಸ್ಟಿಕ್ ಸಾಕು. ನೀರಿನಂಶದ ಬಿಳಿ ಗೋಂದು ಹಾಳೆಯನ್ನು ಸುಕ್ಕು ಮಾಡುತ್ತದೆ, ಸುಕ್ಕಿನ ನೆರಳು ನಕಲಿನಲ್ಲಿ ಬೂದು ಕಲೆಯಾಗಿ ಮೂಡುತ್ತದೆ. ಪಾರದರ್ಶಕ ಟೇಪಿನ ಅಂಚು ಧೂಳು ಹಿಡಿದು ಗೆರೆಯಂತೆ ಕಾಣುತ್ತದೆ. ಗೋಂದನ್ನು ತುಂಡಿನ ನಡುವೆಯಷ್ಟೇ ಹಚ್ಚದೆ ಅಂಚಿನವರೆಗೂ ಹಚ್ಚಿ, ಮೇಲೊಂದು ಹಾಳೆ ಇಟ್ಟು ಉಜ್ಜಿ. ಎದ್ದ ಅಂಚು ನೆರಳು ಹಾಕುತ್ತದೆ. ಆದರೂ ಸಣ್ಣ ಗೆರೆ ಉಳಿದರೆ ಎರಡು ದಾರಿ: ಅಂಚಿಗೆ ವೈಟ್ನರ್ ಬಳಿಯುವುದು, ಇಲ್ಲವೆ ಯಂತ್ರದಲ್ಲಿ ಒಂದು ಹಂತ ತೆಳು ಮಾಡಿ ನಕಲು ತೆಗೆಯುವುದು. ವೈಟ್ನರ್ ಪೂರ್ತಿ ಒಣಗಿರಲಿ. ಹಸಿಯಿದ್ದರೆ ಗಾಜಿಗೆ ಅಂಟಿ, ಮುಂದಿನ ಪ್ರತಿಯೊಂದು ನಕಲಿನಲ್ಲೂ ಅದೇ ಜಾಗದಲ್ಲಿ ಚುಕ್ಕೆ ಬೀಳುತ್ತಾ ಹೋಗುತ್ತದೆ. ಅಂದಹಾಗೆ, ಅಂಟಿಸಿದ ಅಂಚಿನ ಗೆರೆ ಕಾಣುವುದೇ ಚೆಂದ ಎನ್ನುವವರೂ ಇದ್ದಾರೆ. ಅದು ರುಚಿಯ ವಿಷಯ. ಅಕ್ಷರದ ಮೇಲೆ ಹಾಯದಿದ್ದರೆ ಆಯಿತು.

ಫೋಟೋ ಹಾಕುವುದಾದರೆ ಮೊದಲು ಕಾಂಟ್ರಾಸ್ಟ್ ಏರಿಸಿ ಮುದ್ರಿಸಿಕೊಳ್ಳಿ. ಯಂತ್ರ ನಡುವಿನ ಬೂದು ಬಣ್ಣಗಳನ್ನು ಕಪ್ಪಿಗೆ ನೂಕುತ್ತದೆ, ಮುಖದಲ್ಲಿ ಕಣ್ಣು ಮೂಗು ಕಾಣದಾಗುತ್ತದೆ. ಪತ್ರಿಕೆಯಲ್ಲಿ ಬರುವಂತೆ ಚುಕ್ಕೆಗಳಾಗಿ ಒಡೆದ ಚಿತ್ರ ಇದಕ್ಕಿಂತ ಚೆನ್ನಾಗಿ ಬರುತ್ತದೆ. ಬಹುಪಾಲು ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಹಾಫ್‌ಟೋನ್ ಆಯ್ಕೆ ಇದೆ. ಅಂಗೈಯಗಲದ ಅಪ್ಪಟ ಕಪ್ಪು ಬೇಡ, ಅದು ಪಟ್ಟೆಪಟ್ಟೆಯಾಗಿ ಬರುತ್ತದೆ. ಮಡಿಕೆಯ ಮೇಲೆ ಬಿದ್ದರಂತೂ ಟೋನರ್ (ನಕಲು ಯಂತ್ರದ ಕಪ್ಪು ಪುಡಿ) ಬಿರುಕುಬಿಟ್ಟು ಉದುರುತ್ತದೆ.

ಇನ್ನು ಅಕ್ಷರ. ಕನ್ನಡಕ್ಕೆ ಇಂಗ್ಲಿಷಿನಷ್ಟು ಇಕ್ಕಟ್ಟು ಆಗದು: ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಕಂಪ್ಯೂಟರಿನಲ್ಲಿ ಜೋಡಿಸುವುದಾದರೆ ಕೊನೆಯ ಗಾತ್ರದಲ್ಲಿ 10 ಪಾಯಿಂಟಿಗಿಂತ ಕಡಿಮೆ ಬೇಡ, ಸಾಲಿನ ಅಂತರ ಒಂದೂವರೆ ಪಟ್ಟು ಇರಲಿ. ಇದಕ್ಕಿಂತ ಚಿಕ್ಕದಾದರೆ 'ಷ್ಟ್ರ', 'ಕ್ಷ್ಮ'ದಂಥವುಗಳ ಒಳಗಿನ ಬಿಳಿ ಜಾಗ ಟೋನರಿನಿಂದ ತುಂಬಿ ಮುದ್ದೆಯಾಗುತ್ತದೆ. ಎ4ರಲ್ಲಿ ಮಾಡಿ ಎ5ಕ್ಕೆ ಇಳಿಸುವವರು ಶೇಕಡಾ 71 ಒತ್ತುತ್ತಾರೆ. ಕೈಯ ಒರಟುತನ ಮರೆಯಾಗುವುದರಿಂದ ಒಳ್ಳೆಯ ಉಪಾಯವೇ. ಆದರೆ 11 ಪಾಯಿಂಟ್ ಆಗ ಎಂಟರ ಒಳಗೆ ಇಳಿಯುತ್ತದೆ, ಆದ್ದರಿಂದ ಮೂಲದಲ್ಲಿ 14 ಇಡಿ.

ಹೆಚ್ಚು ಪುಟ ಬೇಕಾದರೆ

ಎ4 ಹಾಳೆಗಳನ್ನು ಅರ್ಧ ಮಡಿಸಿ ಒಂದರೊಳಗೊಂದು ಸೇರಿಸಿದರೆ ಎ5 ಗಾತ್ರದ ಝೀನ್. ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ ಒಟ್ಟು ಪುಟ ನಾಲ್ಕರ ಗುಣಕವೇ ಆಗಬೇಕು. ಹದಿನಾಲ್ಕು ಪುಟದಷ್ಟು ಬರಹವಿದ್ದರೆ ಎರಡು ಪುಟಕ್ಕೆ ಚಿತ್ರ ಹುಡುಕಿ, ಇಲ್ಲವೆ ಹನ್ನೆರಡಕ್ಕೆ ಇಳಿಸಿ.

ಒಂದೇ ಬದಿಯಲ್ಲಿ ಅಕ್ಕಪಕ್ಕ ಬರುವ ಎರಡು ಪುಟಗಳ ಮೊತ್ತ ಯಾವಾಗಲೂ ಒಟ್ಟು ಪುಟಕ್ಕಿಂತ ಒಂದು ಹೆಚ್ಚು. 16 ಪುಟದ್ದಾದರೆ ಮೊತ್ತ 17: ಮೊದಲ ಹಾಳೆಯ ಹೊರಬದಿಯಲ್ಲಿ 16-1, ಒಳಬದಿಯಲ್ಲಿ 2-15, ಎರಡನೆಯದು 14-3, 4-13, ಮೂರನೆಯದು 12-5, 6-11, ನಾಲ್ಕನೆಯದು 10-7, 8-9. ಬೆಸಸಂಖ್ಯೆ ಎಂದಿಗೂ ಬಲಕ್ಕೆ. ಕಂಪ್ಯೂಟರಿನಿಂದ ಎರಡೂ ಬದಿ ಮುದ್ರಿಸುವಾಗ ಹಾಳೆ ಚಿಕ್ಕ ಅಂಚಿನ ಮೇಲೆ ಹೊರಳುವಂತೆ ಆಯ್ಕೆ ಮಾಡಿ; ಉದ್ದ ಅಂಚಿನದು ಇದ್ದರೆ ಹಿಂಬದಿಯೆಲ್ಲ ತಲೆಕೆಳಗು. 'ಹಾಳೆಗೆ ಹೊಂದಿಸು' ಎಂಬುದನ್ನು ತೆಗೆದು ಶೇಕಡಾ 100 ಇಡಿ, ಇಲ್ಲದಿದ್ದರೆ ಪುಟಗಳು ತುಸು ಕುಗ್ಗಿ ಮಡಿಕೆಗೆ ಕೂರುವುದಿಲ್ಲ.

ಒಳಪುಟಕ್ಕೆ 70-80 ಜಿಎಸ್‌ಎಂ, ರಕ್ಷಾಪುಟಕ್ಕೆ 120ರಿಂದ 160. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಕಾಗದಕ್ಕೂ ಎಳೆಯ ದಿಕ್ಕಿದೆ, ಎಳೆಯ ಜೊತೆಗೆ ಮಡಿಸಿದರೆ ನೀಟಾಗಿ ಬಾಗುತ್ತದೆ, ಅಡ್ಡ ಮಡಿಸಿದರೆ ಬಿರಿಯುತ್ತದೆ. ಸಾಮಾನ್ಯ ಎ4 ಹಾಳೆಯ ಎಳೆ ಹೆಚ್ಚಾಗಿ ಉದ್ದಕ್ಕೆ ಇರುವುದರಿಂದ ಎ5 ಮಡಿಕೆ ಅದಕ್ಕೆ ಅಡ್ಡ ಬೀಳುತ್ತದೆ. ತೆಳು ಹಾಳೆಗೆ ಇದು ಲೆಕ್ಕಕ್ಕಿಲ್ಲ. ದಪ್ಪ ರಕ್ಷಾಪುಟಕ್ಕಾದರೆ ಮೊದಲು ಸ್ಕೇಲ್ ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆದು ಆಮೇಲೆ ಮಡಿಸಿ.

ಬೆನ್ನಿಗೆ ಪಿನ್ ಹೊಡೆಯಲು ಸಾದಾ ಸ್ಟೇಪ್ಲರ್ ಎಟುಕುವುದಿಲ್ಲ, ಬೆನ್ನು ಅಂಚಿನಿಂದ 148 ಮಿ.ಮೀ. ದೂರವಿದೆ. ಉದ್ದ ತೋಳಿನ ಸ್ಟೇಪ್ಲರ್ ಸಿಕ್ಕರೆ ಸರಿ. ಇಲ್ಲದಿದ್ದರೆ ಸಾದಾ ಸ್ಟೇಪ್ಲರಿನ ಬಾಯನ್ನು ಪೂರ್ತಿ ಹಿಂದಕ್ಕೆ ಬಿಚ್ಚಿ, ಝೀನ್‌ನ ಕೆಳಗೆ ಅಲೆಅಲೆ ರಟ್ಟಿನ ಎರಡು ಪದರ ಇಟ್ಟು, ಹೊರಬದಿಯಿಂದ ಗೆರೆಯ ಮೇಲೆ ಒತ್ತಿ. ಪಿನ್ನಿನ ಕಾಲುಗಳು ರಟ್ಟಿಗೆ ಇಳಿಯುತ್ತವೆ. ಮೆಲ್ಲಗೆ ಎತ್ತಿ, ಒಳಬದಿಯಲ್ಲಿ ಚಮಚದ ಹಿಂಬದಿಯಿಂದ ಮಡಚಿ. ಎರಡೂ ತುದಿಯಿಂದ ಸುಮಾರು 50 ಮಿ.ಮೀ. ಒಳಗೆ ಒಂದೊಂದು ಪಿನ್ ಸಾಕು.

ಹೊಲಿಗೆ ಇನ್ನೂ ಚೆಂದ, ಒಂದು ಝೀನ್‌ಗೆ ಐದು ನಿಮಿಷ ಹಿಡಿಯುತ್ತದೆ. ಬೆನ್ನಿನ ನಡುವೆ ಒಂದು, ಎರಡೂ ತುದಿಯಿಂದ 35 ಮಿ.ಮೀ.ಗೆ ಒಂದೊಂದು, ಹೀಗೆ ಮೂರು ತೂತನ್ನು ಒಳಬದಿಯಿಂದ ದಬ್ಬಣದಲ್ಲಿ ಚುಚ್ಚಿ. ದಾರ ಬೆನ್ನಿನ ಉದ್ದದ ಎರಡೂವರೆ ಪಟ್ಟು. ಒಳಗಿನಿಂದ ನಡುತೂತಿನ ಮೂಲಕ ಹೊರಗೆ ಬನ್ನಿ, ಬಾಲ ಒಂದು ಗೇಣು ಒಳಗೇ ಉಳಿಯಲಿ. ಹೊರಗಿನಿಂದ ಮೇಲಿನ ತೂತಿಗೆ ಹೋಗಿ ಒಳಕ್ಕೆ. ಅಲ್ಲಿಂದ ನಡುತೂತನ್ನು ದಾಟಿ ನೇರ ಕೆಳಗಿನ ತೂತಿಗೆ ಬಂದು ಹೊರಕ್ಕೆ. ಮತ್ತೆ ನಡುತೂತಿನಲ್ಲಿ ಒಳಕ್ಕೆ. ಈಗ ಎರಡು ತುದಿಗಳು ಉದ್ದನೆಯ ದಾರದ ಆಚೀಚೆ ಬರುವಂತೆ ನೋಡಿ ಗಂಟು ಹಾಕಿ. ಎರಡೂ ಒಂದೇ ಕಡೆ ಉಳಿದರೆ ಗಂಟು ದಾರವನ್ನು ಹಿಡಿಯದೆ ಹೊಲಿಗೆ ಸಡಿಲಾಗುತ್ತದೆ. ಬಿಗಿಯಲು ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಿರಿ. ನಿಮ್ಮ ಕಡೆಗೆ ಎಳೆದರೆ ತೂತು ಹರಿಯುತ್ತದೆ.

ಹಾಳೆ ಹೆಚ್ಚಿದಂತೆ ಒಳಗಿನವು ಮುಂದಕ್ಕೆ ಚಾಚುತ್ತವೆ. ಹತ್ತು ಹಾಳೆಗೆ ಒಂದು ಮಿ.ಮೀ. ಮೀರುತ್ತದೆ. ಕಟ್ಟಿದ ಮೇಲೆ ಉಕ್ಕಿನ ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡಿನ ಕಟ್ಟರಿನಿಂದ ಮುಂಬದಿಯನ್ನು ಮೂರು-ನಾಲ್ಕು ಹಗುರ ಎಳೆತದಲ್ಲಿ ಕತ್ತರಿಸಿ. ಒಂದೇ ಏಟಿಗೆ ಕತ್ತರಿಸಲು ಹೋದರೆ ಕೆಳಗಿನ ಹಾಳೆಗಳು ಓರೆಯಾಗುತ್ತವೆ.

ಪ್ರತಿ ಎಷ್ಟು, ಕೊಡುವುದು ಹೇಗೆ

ಮೊದಲು ಒಂದೇ ಪ್ರತಿ ತೆಗೆದು, ಮಡಿಸಿ, ಪುಟಪುಟ ಓದಿ. ಆಮೇಲೆ 20-30 ಪ್ರತಿ. ಕಡಿಮೆಯಾದರೆ ಮತ್ತೆ ತೆಗೆಯಬಹುದು, ಮಿಕ್ಕರೆ ಧೂಳು ತಿನ್ನುತ್ತವೆ.

ಹಿಂಬದಿಯಲ್ಲಿ ತಿಂಗಳು, ವರ್ಷ, ಸಂಚಿಕೆ ಸಂಖ್ಯೆ, ಸಂಪರ್ಕಕ್ಕೆ ಒಂದು ಇಮೇಲ್, ಮತ್ತು 'ನಕಲು ಮಾಡಿ ಹಂಚಬಹುದು' ಅಥವಾ 'ಕೇಳಿ ಬಳಸಿ' ಎಂಬ ಒಂದು ಸಾಲು ಇರಲಿ. ಮನೆ ವಿಳಾಸ, ಫೋನ್ ನಂಬರ್ ಬೇಡ. ಝೀನ್ ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಬೇರೆಯವರ ಚಿತ್ರ, ಕವಿತೆ ಹಾಕುವ ಮುನ್ನ ಕೇಳಿ. ಬದುಕಿರುವವರ ಖಾಸಗಿ ಸಂಗತಿ ಬರೆಯುವುದಾದರೆ ಹೆಸರಷ್ಟೇ ಬದಲಿಸಿದರೆ ಸಾಲದು, ಊರು, ಕೆಲಸ, ನಂಟು ನೋಡಿಯೇ ಜನ ಗುರುತು ಹಿಡಿಯುತ್ತಾರೆ.

ಝೀನ್‌ನವರ ನಡುವೆ ಅದಲುಬದಲು ನಡೆಯುವುದು ಒಂದಕ್ಕೊಂದು, ಪುಟ ಎಣಿಸುವುದಿಲ್ಲ. ಬೆಲೆ ಇಡುವುದಾದರೆ ಹಾಳೆ ಮತ್ತು ನಕಲಿನ ಖರ್ಚು ಹೊರಟರೆ ಸಾಕು. ಗ್ರಂಥಾಲಯದಲ್ಲೋ ಅಂಗಡಿಯಲ್ಲೋ ಇಡುವ ಮುನ್ನ ಅಲ್ಲಿನವರನ್ನು ಕೇಳಿ, ಒಮ್ಮೆಗೆ ಐದರಷ್ಟು ಇಟ್ಟು, ಖಾಲಿಯಾದ ಮೇಲೆ ಮತ್ತೆ ತುಂಬಿ. ಅಂಚೆಗೆ ಹಾಕುವಾಗ ಲಕೋಟೆಯೊಳಗೆ ಒಂದು ರಟ್ಟಿನ ತುಂಡು ಸೇರಿಸಿ.

ಪಿಡಿಎಫ್ ಹಂಚುವುದಾದರೆ ಎರಡು ಮಾಡಿ: ಪರದೆಯಲ್ಲಿ ಓದಲು ಪುಟದ ಕ್ರಮದಲ್ಲಿ ಒಂದು, ಮುದ್ರಿಸಿ ಮಡಿಸಲು ಜೋಡಿಸಿದ್ದು ಇನ್ನೊಂದು. ಕೈಬರಹದ ಪುಟವನ್ನು ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ದನಿಯಲ್ಲಿ ಓದಿಹೇಳುವ ತಂತ್ರಾಂಶ) ಓದುವುದಿಲ್ಲ, ಕಣ್ಣು ಕಾಣದವರಿಗೆ ಬರಹವನ್ನಷ್ಟೇ ಟೈಪ್ ಮಾಡಿದ ಕಡತವನ್ನೂ ಜೊತೆಗಿಡಿ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಆಗಿರಬೇಕು. ಹಳೆಯ ನುಡಿ, ಬರಹ ಫಾಂಟಿನ ಕಡತವಾದರೆ ಬದಲಿಸಿ, ಇಲ್ಲದಿದ್ದರೆ ಕೇಳುವವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ ಕೇಳಿಸುತ್ತದೆ.

ಗುಂಪಾಗಿ ಮಾಡುವಾಗ

ಹನ್ನೆರಡು ಜನರ ಎರಡು ಗಂಟೆಯ ಕೂಟಕ್ಕೆ ಆರು ಕತ್ತರಿ, ಆರು ಗ್ಲೂ ಸ್ಟಿಕ್, ತಲೆಗೊಂದು ಕಪ್ಪು ಪೆನ್ನು, ಮೂವತ್ತು ಹಾಳೆ, ಒಂದಷ್ಟು ಹಳೆಯ ಪತ್ರಿಕೆ ಸಾಕು. ಮೊದಲ 20 ನಿಮಿಷ ಖಾಲಿ ಹಾಳೆ ಮಡಿಸಿ ಕತ್ತರಿಸಲಿ, ಒಂದು ಗಂಟೆ ತುಂಬಲಿ, 20 ನಿಮಿಷ ನಕಲಿಗೆ, ಕೊನೆಯ 20 ನಿಮಿಷ ಅದಲುಬದಲಿಗೆ. ವಿಷಯ ತೀರಾ ದೊಡ್ಡದಾಗಿ ಕೊಟ್ಟರೆ ಅರ್ಧ ಜನ ಪೆನ್ನು ಹಿಡಿದು ಕೂತೇ ಇರುತ್ತಾರೆ. 'ನನ್ನ ಬದುಕು' ಅನ್ನುವ ಬದಲು 'ನನ್ನ ಚೀಲದಲ್ಲಿರುವ ಏಳು ವಸ್ತು' ಎಂದರೆ ಕೈ ತಾನಾಗಿ ಓಡುತ್ತದೆ.

ಒಬ್ಬರಿಗೊಂದು ಪುಟದಂತೆ ಸಂಯುಕ್ತ ಝೀನ್ ಮಾಡುವುದಾದರೆ, 16 ಪುಟದಲ್ಲಿ ಮುಖಪುಟ, ಹಿಂಬದಿ, ಹೆಸರುಗಳ ಪುಟ ಕಳೆದು ಹದಿಮೂರು ಜನರಿಗೆ ಜಾಗ. ಎಲ್ಲರಿಗೂ ಅಂಚಿನ ಗೆರೆ ಎಳೆದ ಒಂದೇ ಅಳತೆಯ ಹಾಳೆ ಹಂಚಿ, 'ಗೆರೆಯಾಚೆ ಬರೆದದ್ದು ಕತ್ತರಿಸಿಹೋಗುತ್ತದೆ' ಎಂದು ಅದರ ಮೇಲೆಯೇ ಬರೆದುಕೊಡಿ. ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಯಾವುದನ್ನು ಬಿಡುವುದು, ಯಾರು ತಿದ್ದುವುದು ಎಂಬುದನ್ನು ಪುಟಗಳು ಬರುವ ಮೊದಲೇ ತೀರ್ಮಾನಿಸಿ. ಬಂದ ಮೇಲೆ ತೀರ್ಮಾನಿಸಿದರೆ ಅದು ಒಬ್ಬರ ಮೇಲಿನ ತೀರ್ಪಾಗಿ ಕಾಣುತ್ತದೆ. ಬರೆದ ಪ್ರತಿಯೊಬ್ಬರಿಗೂ ಎರಡು ಪ್ರತಿ ಕೊಡಿ, ಒಂದು ಇಟ್ಟುಕೊಳ್ಳಲು, ಇನ್ನೊಂದು ಯಾರಿಗಾದರೂ ಕೊಡಲು. ಮೂಲ ಹಾಳೆಗಳನ್ನು ಮಡಿಸದೆ, ಪುಟಸಂಖ್ಯೆಯನ್ನು ತೆಳು ನೀಲಿಯಲ್ಲಿ ಗುರುತುಹಾಕಿ, ಗಟ್ಟಿ ರಟ್ಟಿನ ಫೈಲಿನಲ್ಲಿ ಚಪ್ಪಟೆಯಾಗಿಡಿ. ನಕಲಿನಿಂದ ನಕಲು ತೆಗೆದರೆ ಪ್ರತಿ ಸಲವೂ ಅಕ್ಷರ ದಪ್ಪಗಾಗುತ್ತದೆ, ಚುಕ್ಕೆ ಹೆಚ್ಚುತ್ತದೆ.